ನಾನು ಕತ್ತರಿಸಿದ ವಾಕ್ಯ

ಆ ಹೆಂಗಸಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಎರಡು ದಿನಗಳ ಕಾಲ ಅದನ್ನು ಎಷ್ಟು ಸಲ ಹೇಳಿದೆನೋ ನನಗೇ ನೆನಪಿಲ್ಲ. ಪ್ರತಿ ಸಲವೂ ಹೆಸರಿನ ಮುಂದೆ ಒಂದು ಕೆಟ್ಟ ವಿಶೇಷಣ ಇರುತ್ತಿತ್ತು. ಇಲ್ಲಿ ಅವರನ್ನು ಆಯಾ ಎಂದಷ್ಟೇ ಕರೆಯುತ್ತೇನೆ. ಅವರು ನೋಡಿಕೊಳ್ಳುತ್ತಿದ್ದ ಕಾಫಿ ಎಸ್ಟೇಟಿನ ಮಕ್ಕಳೂ ಹಾಗೆಯೇ ಕರೆಯುತ್ತಿದ್ದರು.

ಆಗ ನಾನು ಒಂದು ಕನ್ನಡ ಸುದ್ದಿವಾಹಿನಿಯ ಕೊಡಗು ಜಿಲ್ಲಾ ವರದಿಗಾರ್ತಿ. ಕಾಫಿ ಹಣ್ಣು ಕೀಳುವ ಪಿಕಿಂಗ್ ಜೋರಾಗಿದ್ದ ಜನವರಿ. ಬೆಳಿಗ್ಗೆ ಏಳೂವರೆಗೆ ನಮ್ಮ ಕ್ಯಾಮೆರಾಮನ್ ನನಗೊಂದು ವಿಡಿಯೋ ಕಳಿಸಿ, ಹಿಂದೆಯೇ ಫೋನ್ ಮಾಡಿದರು. "ನೋಡಿದ್ರಾ? ಸಿದ್ದಾಪುರದ ಹತ್ರದ ಒಂದು ಎಸ್ಟೇಟಿನದ್ದು ಅಂತಾರೆ. ಅಲ್ಲಿನ ಕೂಲಿ ಲೈನಿನವರು ಯಾರೋ ತೆಗೆದದ್ದು."

ಮೂವತ್ತು ಸೆಕೆಂಡಿನ ವಿಡಿಯೋ. ತಗಡಿನ ಮಾಡಿನ ಒಂದು ಕೋಣೆ. ಹಸಿರು ಬಣ್ಣದ ಕಿಟಕಿ ಸರಳು. ಹಳೆಯ ಸೀರೆ ಹರಿದು ಮಾಡಿದ ಪಟ್ಟಿಗಳಿಂದ ನಾಲ್ಕು ಮಕ್ಕಳನ್ನು ಸೊಂಟಕ್ಕೆ ಸುತ್ತಿ ಸರಳಿಗೆ ಕಟ್ಟಿದೆ. ಮೂರು ಮಕ್ಕಳು ಸುಮ್ಮನೆ ಕೂತಿವೆ. ನಾಲ್ಕನೆಯ ಹುಡುಗ, ಎರಡು ವರ್ಷದವನಿರಬೇಕು, ಮುಂದಕ್ಕೆ ಬಾಗಿ ಪಟ್ಟಿಯನ್ನು ಎಳೆಯುತ್ತ ಅಳುತ್ತಿದ್ದಾನೆ. ಮೂಲೆಯಲ್ಲಿ ಒಬ್ಬಾಕೆ ಬೆನ್ನು ಹಾಕಿಕೊಂಡು ಪಾತ್ರೆಯಲ್ಲಿ ಏನನ್ನೋ ಕಲಸುತ್ತಿದ್ದಾಳೆ. ಅಳು ಕೇಳಿದರೂ ತಿರುಗುವುದಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟು ಸುಳ್ಳಾಗಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆಮೇಲೆ ಮಾಡಿದ್ದನ್ನೆಲ್ಲ ನಾನು ಆ ಸಿಟ್ಟಿನ ಹೆಸರಿನಲ್ಲಿಯೇ ಮಾಡಿದೆ.

ಬೆಂಗಳೂರಿನ ಡೆಸ್ಕಿಗೆ ವಿಡಿಯೋ ಕಳಿಸಿ, ಖಚಿತವಾಗುವವರೆಗೆ ಹಾಕಬೇಡಿ ಎಂದು ಬರೆದೆ. ಮಡಿಕೇರಿಯಿಂದ ಚೆಟ್ಟಳ್ಳಿ ಮಾರ್ಗವಾಗಿ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ: ಗೋಡೆಯ ಮೇಲೆ ಬಳಪದಲ್ಲಿ ಬರೆದ ಅಕ್ಷರಮಾಲೆ, ಕಿಟಕಿಯಾಚೆ ಒಂದು ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಸ್ಥಳಕ್ಕೆ ಹೋದಾಗ ಇವೆಲ್ಲ ತಾಳೆಯಾಗಬೇಕು. ಬೇರೆ ಜಿಲ್ಲೆಯ, ಬೇರೆ ವರ್ಷದ ವಿಡಿಯೋ ಕೊಡಗಿನದು ಎಂದು ಹರಿದಾಡುವುದು ನಮಗೆ ಹೊಸದಲ್ಲ.

ಎಸ್ಟೇಟಿನ ಗೇಟಿನಲ್ಲಿ ರೈಟರ್ ನಿಂತಿದ್ದರು. ತೋಟದಲ್ಲಿ ಹಾಜರಿ ಬರೆದು ಆಳುಗಳನ್ನು ನೋಡಿಕೊಳ್ಳುವವರು ಅವರೇ. ಕಾರಿನ ಮೇಲಿನ ಚಾನೆಲ್ಲಿನ ಗುರುತು ನೋಡಿದ್ದೇ ಕೈ ಅಡ್ಡ ಹಿಡಿದರು.

"ದೊರೆಗಳು ಇಲ್ಲ ಮೇಡಂ. ಪರ್ಮಿಷನ್ ಇಲ್ದೆ ಯಾರನ್ನೂ ಬಿಡೋ ಹಾಗಿಲ್ಲ. ನಾನು ಇಲ್ಲಿ ಕೆಲಸದವನಷ್ಟೇ."

"ಮಕ್ಕಳನ್ನ ಕಟ್ಟಿಹಾಕೋಕೆ ಪರ್ಮಿಷನ್ ಯಾರು ಕೊಟ್ಟದ್ದು?" ಎಂದೆ. ಕ್ಯಾಮೆರಾ ಓಡುತ್ತಿತ್ತು. ಅವರು ಮುಖ ತಿರುಗಿಸಿದರು. ಅದು ಒಳ್ಳೆಯ ದೃಶ್ಯ ಎಂದು ಆಗಲೇ ಲೆಕ್ಕ ಹಾಕಿದ್ದೆ.

ಆಳುಗಳ ಸಾಲುಮನೆಗಳಾದ ಲೈನುಗಳ ಹಿಂದಿನಿಂದ ಪಂಚಾಯಿತಿ ರಸ್ತೆಯೊಂದಿತ್ತು. ಅಲ್ಲಿಂದ ನಡೆದು ಹೋದೆವು. ಕೂಲಿ ಲೈನಿನ ಕೊನೆಯಲ್ಲಿ, ಆಳುಗಳು ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ಬಿಡುವ ಮಕ್ಕಳ ಮನೆ: ತಗಡಿನ ಮಾಡು, ಹಸಿರು ಸರಳು, ಬಳ್ಳಿ ಹಬ್ಬಿದ ಮರ. ತಾಳೆಯಾಯಿತು.

ಒಳಗೆ ಹತ್ತೊಂಬತ್ತು ಮಕ್ಕಳಿದ್ದವು. ಯಾವುದನ್ನೂ ಕಟ್ಟಿರಲಿಲ್ಲ. ವಿಡಿಯೋ ಲೈನಿನಲ್ಲೆಲ್ಲ ಹರಿದಾಡಿ ಆಗಲೇ ಒಂದು ರಾತ್ರಿ ಕಳೆದಿತ್ತು. ಸೀರೆಯ ಪಟ್ಟಿಗಳನ್ನು ಮಡಿಸಿ ಕಿಟಕಿಯ ಮೇಲಿಟ್ಟಿದ್ದರು. ಆಯಾ ಐವತ್ತು ದಾಟಿದವರು, ಸಣ್ಣ ದೇಹ. ಒಂದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಬಾಗಿಲ ಕಡೆ ಓಡುತ್ತಿದ್ದ ಇನ್ನೊಂದರ ಅಂಗಿ ಹಿಡಿದಿದ್ದರು. ನಮ್ಮನ್ನು ನೋಡಿ ಓಡಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಳ್ಳಲಿಲ್ಲ.

"ಟಿ.ವಿ.ಯವರಾ? ಬನ್ನಿ. ಚಪ್ಪಲಿ ಹೊರಗೆ ಬಿಡಿ, ಮಕ್ಕಳು ಬಾಯಿಗೆ ಹಾಕ್ತಾವೆ," ಎಂದರು.

ಸೀರೆಯ ಅಂಚಿಗೆ ಪುಟ್ಟ ಮೈಕ್ ಸಿಕ್ಕಿಸಿದೆ. ಬೆಳಕು ಹಿಂದಿನಿಂದ ಬರುತ್ತಿದ್ದುದರಿಂದ ಕ್ಯಾಮೆರಾಮನ್ ಅವರನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದರು. ನಾನು ಕೇಳಿದೆ, "ವಿಡಿಯೋದಲ್ಲಿ ಇರೋದು ನೀವೇನಾ?"

"ಕಟ್ಟಿದ್ದು ನಾನೇ ಅಮ್ಮ," ಎಂದರು. ಒಂದು ಉಸಿರಿನಷ್ಟು ತಡೆದು, "ಕಟ್ಟಬಾರದಿತ್ತು," ಎಂದರು.

ಆಮೇಲೆ, ನಾನು ಕೇಳದೆಯೇ, ಹಿಂಬಾಗಿಲು ತೋರಿಸಿದರು. ಅದಕ್ಕೆ ಚಿಲಕ ಇರಲಿಲ್ಲ. ಬಾಗಿಲಿನಿಂದ ಇಪ್ಪತ್ತು ಹೆಜ್ಜೆಯಲ್ಲಿ ಪಲ್ಪರ್ ಹೊಂಡ. ಹಣ್ಣಿನ ಸಿಪ್ಪೆ ತೆಗೆದು ಕಾಫಿ ತೊಳೆದ ನೀರು ಅಲ್ಲಿಗೆ ಬಂದು ನಿಲ್ಲುತ್ತದೆ. ಮೇಲೆ ಕಪ್ಪು ನೊರೆ, ಹುಳಿ ನಾತ. ಸುತ್ತ ತಂತಿ ಬೇಲಿ ಇತ್ತೆಂಬುದಕ್ಕೆ ಎರಡು ಕಲ್ಲುಕಂಬ ಮಾತ್ರ ಸಾಕ್ಷಿ.

"ಮಳೆಗಾಲದಲ್ಲಿ ಆನೆ ಬಂದು ಬೇಲಿ ಮುರಿದು ಹೋಯ್ತು. ರೈಟರ್‌ಗೆ ಮೂರು ಸಲ ಹೇಳಿದೆ. ಪಿಕಿಂಗ್ ಮುಗೀಲಿ ಅಂದ್ರು. ಮೊದಲು ನಾವು ಇಬ್ಬರು ಆಯಾ ಇದ್ದದ್ದು. ಆಳು ಸಾಲದು ಅಂತ ಇನ್ನೊಬ್ಬಳನ್ನ ಪಿಕಿಂಗಿಗೆ ಹಾಕಿದ್ರು. ನಾನು ಗಂಜಿ ಮಾಡುದಾ, ತೊಟ್ಟಿಲು ನೋಡುದಾ, ಈ ನಾಲ್ಕು ಓಡುವ ಮಕ್ಕಳನ್ನು ಹಿಡಿಯುದಾ? ಹೋದ ವಾರ, ವಿಡಿಯೋದಲ್ಲಿ ಅಳುವ ಆ ಹುಡುಗ ಹೊಂಡದ ಅಂಚಿಗೆ ಹೋಗಿದ್ದ. ಕಾಲು ಹಿಡಿದು ಎಳೆದೆ. ಆವತ್ತು ಮಧ್ಯಾಹ್ನ ಸೀರೆ ಹರಿದದ್ದು."

ಆ ಹುಡುಗನ ಅಂಗಿ ಎತ್ತಿ ತೋರಿಸಿದ್ದೂ ಅವರೇ. ಸೊಂಟದ ಸುತ್ತ ಚರ್ಮ ಕಿತ್ತು, ಒಂದು ಕಡೆ ಕೀವಾಗಿತ್ತು. ಅರಿಶಿನ, ತೆಂಗಿನೆಣ್ಣೆ ಹಚ್ಚಿದ್ದರು. "ಇವ ಎಳೀತಾನೆ. ಉಳಿದವು ಎಳೆಯುದಿಲ್ಲ," ಎಂದರು. ತಾಯಿ ಕೇಳಿದಾಗ ಚಡ್ಡಿಯ ಲಾಡಿ ತಾಗಿದ್ದು ಎಂದು ಹೇಳಿದ್ದರಂತೆ. ಅದನ್ನು ಹೇಳುವಾಗ ಮಾತ್ರ ಕ್ಯಾಮೆರಾದಿಂದ ಮುಖ ತಿರುಗಿಸಿದರು.

ಹೊಂಡ, ಚಿಲಕವಿಲ್ಲದ ಬಾಗಿಲು, ಉರುಳಿದ ಕಂಬ, ಎಲ್ಲವನ್ನೂ ಚಿತ್ರಿಸಿದೆವು. ಕ್ಯಾಮೆರಾಮನ್ ಬಾಗಿಲಿನಿಂದ ಹೊಂಡದವರೆಗೆ ಮಗುವಿನ ಎತ್ತರದಲ್ಲಿ ಕ್ಯಾಮೆರಾ ಹಿಡಿದು ನಡೆದರು. ಆ ಚಿತ್ರ ಇಂದಿಗೂ ನನ್ನ ಕಣ್ಣಲ್ಲಿದೆ. ಹೊರಡುವಾಗ ಆಯಾ ಕೇಳಿದರು, "ಹೊಂಡವನ್ನೂ ತೋರಿಸ್ತೀರಲ್ಲ?"

"ತೋರಿಸ್ತೀವಿ," ಎಂದೆ.

ಎಸ್ಟೇಟಿನೊಳಗೆ ನೆಟ್‌ವರ್ಕ್ ಇರಲಿಲ್ಲ. ಸಿದ್ದಾಪುರದ ಬಸ್ ನಿಲ್ದಾಣದ ಎದುರು ಕಾರು ನಿಲ್ಲಿಸಿ, ಕ್ಯಾಮೆರಾದ ಕಾರ್ಡಿನಿಂದ ಫೋನಿಗೆ ಇಳಿಸಿಕೊಂಡು ಕಳಿಸತೊಡಗಿದೆ. ಡೆಸ್ಕಿನಿಂದ ಕರೆಯ ಮೇಲೆ ಕರೆ. ಹನ್ನೆರಡರ ಬುಲೆಟಿನ್‌ಗೆ ಹತ್ತು ನಿಮಿಷ ಇತ್ತು. ಯಾವ ಸುದ್ದಿ ಹೇಗೆ ಹೋಗಬೇಕೆಂದು ನಿರ್ಧರಿಸುವ ಔಟ್‌ಪುಟ್ ಮುಖ್ಯಸ್ಥರು ಹೇಳಿದರು, "ತಪ್ಪೊಪ್ಪಿಗೆ ಇದೆಯಾ? ಅದೊಂದನ್ನ ಮೊದಲು ಕಳಿಸಿ. ಚಿಕ್ಕದಿರಲಿ, ಮಿಕ್ಕದ್ದು ಆಮೇಲೆ."

ಚಿಕ್ಕದಾದರೆ ಬೇಗ ಹೋಗುತ್ತದೆ. ಫೋನಿನ ಪರದೆಯ ಮೇಲೆ ಆಯಾಳ ಮಾತಿದ್ದ ವಿಡಿಯೋ ತುಣುಕನ್ನು ತೆರೆದೆ. ಎಡಗಡೆಯ ಗುರುತನ್ನು "ಕಟ್ಟಿದ್ದು" ಎನ್ನುವಲ್ಲಿಗೆ ಎಳೆದೆ. ಬಲಗಡೆಯದನ್ನು "ಅಮ್ಮ" ಎಂಬುದು ಮುಗಿದಲ್ಲಿಯೇ ನಿಲ್ಲಿಸಿದೆ. ಅವರ ತಡೆದ ಉಸಿರು, ಆಮೇಲಿನ ಎರಡನೆಯ ವಾಕ್ಯ, ಗುರುತಿನಿಂದ ಆಚೆ ಉಳಿದವು. ಬೆರಳನ್ನು ಅರ್ಧ ಅಂಗುಲ ಮುಂದೆ ಸರಿಸಿದ್ದರೆ ಒಳಗೆ ಬರುತ್ತಿದ್ದವು. ಯಾರೂ ನನ್ನ ಕೈ ಹಿಡಿದಿರಲಿಲ್ಲ. "ಕಟ್ಟಿದ್ದು ನಾನೇ" ಎನ್ನುವುದು ಒಂಟಿಯಾಗಿ ನಿಂತಾಗ ಸವಾಲಿನಂತೆ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದೆ.

ಹನ್ನೆರಡು ಗಂಟೆಗೆ ಸುದ್ದಿ ಹೊರಟಿತು. ಪರದೆಯ ಕೆಳಗೆ "ಆಯಾ ಅಲ್ಲ, ರಕ್ಕಸಿ" ಎಂಬ ಸಾಲು. ಕಟ್ಟಿದ ಮಕ್ಕಳು, ಅಳುವ ಹುಡುಗ, ಆಮೇಲೆ ಆಯಾಳ ಮುಖ: "ಕಟ್ಟಿದ್ದು ನಾನೇ ಅಮ್ಮ." ಮತ್ತೆ ಮಕ್ಕಳು, ಮತ್ತೆ ಮುಖ. ಸುತ್ತು ಸುತ್ತಾಗಿ ಅದೇ. ನನ್ನನ್ನು ಫೋನಿನಲ್ಲಿ ನೇರಪ್ರಸಾರಕ್ಕೆ ತೆಗೆದುಕೊಂಡರು. ನಿರೂಪಕಿ ಕೇಳಿದಳು, "ನೀವು ಆಕೆಯನ್ನ ಹತ್ತಿರದಿಂದ ನೋಡಿದ್ದೀರಿ. ಮುಖದಲ್ಲಿ ಪಶ್ಚಾತ್ತಾಪ ಏನಾದ್ರೂ ಕಾಣಿಸ್ತಾ?"

"ಇಲ್ಲ," ಎಂದೆ. "ಒಂಚೂರೂ ಕಾಣಿಸಲಿಲ್ಲ."

ಪಕ್ಕದ ಸೀಟಿನಲ್ಲಿದ್ದ ಕ್ಯಾಮೆರಾಮನ್ ನನ್ನ ಕಡೆ ತಿರುಗಿ ನೋಡಿದರು. ಅವರ ಮನೆಮಾತು ಅರೆಭಾಷೆ. ನನ್ನ ಜೊತೆ ಎಂದೂ ಅದರಲ್ಲಿ ಮಾತಾಡಿದವರಲ್ಲ. ನಾನು ಫೋನ್ ಇಟ್ಟ ಮೇಲೆ ಕಿಟಕಿಯ ಕಡೆ ಮುಖ ಮಾಡಿ, "ಇದ್ ಸರಿ ಆತ್ಲೆ," ಎಂದರು. ಸರಿಯಾಗಲಿಲ್ಲ ಎಂದು. ನಾನು ಕೇಳಿಸಲಿಲ್ಲ ಎನ್ನುವಂತೆ ಹೊಂಡದ ದೃಶ್ಯ ಕಳಿಸುವುದರಲ್ಲಿ ಮುಳುಗಿದೆ. ಅದು ದೊಡ್ಡ ಫೈಲು. ಬೆಂಗಳೂರಿಗೆ ಹೋಗಿ ಮುಟ್ಟುವಾಗ ಒಂದು ಗಂಟೆ ದಾಟಿತ್ತು. ಅಷ್ಟರಲ್ಲಿ ಸುದ್ದಿಗೆ ಒಂದು ಆಕಾರ ಬಂದಾಗಿತ್ತು. ಹೊಂಡಕ್ಕೆ ಅದರಲ್ಲಿ ಜಾಗ ಇರಲಿಲ್ಲ.

ಮಧ್ಯಾಹ್ನ ಪೊಲೀಸರು, ಮಕ್ಕಳ ರಕ್ಷಣೆಯ ಇಲಾಖೆಯವರು ಬಂದರು. ನಾವೂ ಮತ್ತೆ ಹೋದೆವು. ಈಗ ಗೇಟು ತೆರೆದಿತ್ತು. ಪಿಕಿಂಗ್ ಬಿಟ್ಟು ಬಂದ ಹೆಂಗಸರು, ಬೇರೆ ಲೈನಿನವರು, ಸಿದ್ದಾಪುರದಿಂದ ಬೈಕಿನಲ್ಲಿ ಬಂದವರು, ನೂರಕ್ಕೆ ಕಡಿಮೆ ಇಲ್ಲದ ಜನ. ಅವರಲ್ಲಿ ಹೆಚ್ಚಿನವರು ಬಂದದ್ದು ನಮ್ಮ ಸುದ್ದಿ ನೋಡಿ. ಆಯಾಳನ್ನು ಜೀಪಿನ ಕಡೆ ಕರೆದೊಯ್ಯುವಾಗ ಯಾರೋ ಒಬ್ಬಾಕೆ ಹಿಂದಿನಿಂದ ಜಡೆ ಹಿಡಿದು ಎಳೆದಳು. ಆಯಾ ಹಿಂದಕ್ಕೆ ಬಾಗಿದರು. ಕಟ್ಟಿದ ಕೂದಲು ಬಿಚ್ಚಿಹೋಯಿತು. ಕ್ಯಾಮೆರಾಮನ್ ಕ್ಯಾಮೆರಾ ಕೆಳಗಿಳಿಸಿದರು. ನಾನು ಅವರ ಮೊಣಕೈ ತಳ್ಳಿ, "ಮುಖಕ್ಕೆ ಹೋಗಿ, ಮುಖಕ್ಕೆ," ಎಂದೆ.

ಅವರು ಕ್ಯಾಮೆರಾ ಎತ್ತಿದರು. ಆಯಾಳ ಕಣ್ಣು ಮಸೂರದ ಕಡೆ ಅಲ್ಲ, ನನ್ನ ಕಡೆ ಇತ್ತು.

ಸಂಜೆಗೆ ಆಡಳಿತದವರ ಹೇಳಿಕೆ ಬಂತು. ತಪ್ಪಿತಸ್ಥ ಆಯಾಳನ್ನು ಕೆಲಸದಿಂದ ತೆಗೆಯಲಾಗಿದೆ, ಮಕ್ಕಳ ಮನೆಯನ್ನು ಸದ್ಯ ಮುಚ್ಚಲಾಗಿದೆ. ಅಷ್ಟೇ. ಹೊಂಡದ ಬಗ್ಗೆ, ಬೇಲಿಯ ಬಗ್ಗೆ ಅವರನ್ನು ಯಾರೂ ಕೇಳಿರಲಿಲ್ಲ. ಕೇಳಬೇಕಾಗಿದ್ದ ನಾನು ಕೇಳಿರಲಿಲ್ಲ. ನಮ್ಮ ವಾಹಿನಿ ಅದನ್ನು "ನಮ್ಮ ವರದಿಯ ಫಲಶ್ರುತಿ" ಎಂದು ಹಾಕಿತು. ಬೆಂಗಳೂರಿನಿಂದ ಅಭಿನಂದನೆಯ ಸಂದೇಶಗಳು ಬಂದವು. ಕುಶಾಲನಗರದ ಹತ್ತಿರ ಊರಿನಲ್ಲಿರುವ ಅಪ್ಪ ಫೋನ್ ಮಾಡಿ, "ಒಳ್ಳೆ ಕೆಲ್ಸ ಮಾಡ್ದೆ ಕಣವ್ವ. ಮಕ್ಳನ್ನ ಕಟ್ಟಿಹಾಕದು ಅಂದ್ರೇನು," ಎಂದರು. ಹಾಸನದ ಕಡೆಯಿಂದ ಬಂದು ನೆಲೆ ನಿಂತ ರೈತರು ಅವರು, ಹೊಗಳಿಕೆ ಕಡಿಮೆ. ನನಗೆ ಹೆಮ್ಮೆ ಆಯಿತು.

ಮೂರನೆಯ ದಿನ ಫಾಲೋಅಪ್ ಬೇಕೆಂದರು: ಗಾಯಗೊಂಡ ಮಗುವಿನ ತಾಯಿಯ ಅಳಲು. ಆಕೆಯನ್ನು ಹುಡುಕಿಕೊಂಡು ಹೋದೆವು. ಪಿರಿಯಾಪಟ್ಟಣದ ಕಡೆಯಿಂದ ಪಿಕಿಂಗಿಗೆಂದು ಬಂದು ಲೈನಿನಲ್ಲಿದ್ದ ದಂಪತಿ. ಗಂಡ ಲಾರಿಗೆ ಮೂಟೆ ಹೊರುತ್ತಿದ್ದ. ಆಕೆ ತೋಟದ ಕೆಳಗಿನ ಬ್ಲಾಕಿನಲ್ಲಿ ಹಣ್ಣು ಕೀಳುತ್ತಿದ್ದಾಳೆಂದು ಯಾರೋ ಹೇಳಿದರು. ಇಳಿಜಾರಿನಲ್ಲಿ ನಡೆದು ಹೋಗುವಾಗ ಮೊದಲು ಕಂಡದ್ದು ಆಕೆಯಲ್ಲ, ಹುಡುಗ.

ನೆರಳಿನ ಮರವೊಂದರ ಬುಡದಲ್ಲಿ ಗೋಣಿತಾಟು ಹಾಸಿ ಕೂರಿಸಿದ್ದಳು. ಸೊಂಟದ ಗಾಯಕ್ಕೆ ತಾಗದಂತೆ, ಕಂಕುಳಿನ ಕೆಳಗಿನಿಂದ ಎದೆಗೆ ಒಂದು ಬಟ್ಟೆ ಸುತ್ತಿ, ಅದರ ತುದಿಯನ್ನು ಮರಕ್ಕೆ ಕಟ್ಟಿದ್ದಳು. ಹುಡುಗ ಕಾಫಿ ಎಲೆ ಹರಿಯುತ್ತ ಆಡುತ್ತಿದ್ದ.

ನಾನು ನಿಂತುಬಿಟ್ಟೆ. ಆಕೆ ಗಿಡಗಳ ನಡುವಿನಿಂದ ಬಂದಳು, ಎರಡೂ ಅಂಗೈ ಹಣ್ಣಿನ ರಸಕ್ಕೆ ಅಂಟಾಗಿದ್ದವು. ನನ್ನನ್ನು ಗುರುತು ಹಿಡಿದಳು.

"ನಾನೂ ಕಟ್ಟಿವ್ನಿ. ತಕ್ಕಳಿ ವಿಡಿಯೋ," ಎಂದಳು.

ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡು ಆಕೆಯೇ ಮುಂದುವರಿಸಿದಳು.

"ಎಲ್ಲಿಗ್ ಬುಡ್ಲಿ ಹೇಳಿ? ಮಕ್ಳು ಮನೆಗೆ ಬೀಗ ಹಾಕವ್ರೆ. ಲೈನಲ್ಲಿ ಒಬ್ಬುನ್ನೇ ಬುಟ್ರೆ ಅದೇ ಹೊಂಡ. ಹೆಗಲ್ಮೇಲೆ ಹೊತ್ಕಂಡು ಹಣ್ಣು ಕೀಳಕ್ಕಾಯ್ತದಾ? ಅವಳ ಮೇಲೆ ಸಿಟ್ಟಿಲ್ಲ ಅಂತ ತಿಳ್ಕಬ್ಯಾಡಿ. ಲಾಡಿ ತಾಗ್ತು ಅಂತ ಸುಳ್ಳು ಹೇಳುದ್ಲು ನಂಗೆ. ಮಗೀನ ಕೀವು ತೊಳ್ದವ್ಳು ನಾನು. ಆದ್ರೆ ಹೊಂಡುದ್ ಅಂಚಿಂದ ಎಳ್ಕಂಡವ್ಳೂ ಅವ್ಳೇ ಅಂತ ಇಲ್ಲೆಲ್ರಿಗೂ ಗೊತ್ತು. ನೀವು ಯಾಕ್ ಅದುನ್ನ ಹೇಳ್ನಿಲ್ಲ?"

ಸಮಯ ಸಾಕಾಗಲಿಲ್ಲ ಎಂಬ ಉತ್ತರ ಬಾಯಿಗೆ ಬಂತು. ನುಂಗಿದೆ.

ಆಕೆ ಇನ್ನೂ ಒಂದು ಮಾತು ಕೇಳಿದಳು. "ನನ್ ಮಗುನ್ ಮುಖ ಟಿ.ವಿ.ಲಿ ಬಂತು. ಊರಿಂದ ನಮ್ಮತ್ತೆ ಫೋನ್ ಮಾಡಿದ್ರು, ನಿನ್ ಮಗುನ್ನ ಯಾರೋ ನಾಯಿ ಕಟ್ದಂಗೆ ಕಟ್ಟವ್ರಲ್ಲ ಅಂತ. ಅದುನ್ನ ಯಾಕ್ ತೋರ್ಸುದ್ರಿ?"

ಮಕ್ಕಳ ಮುಖವನ್ನು ಮಸುಕು ಮಾಡಿಯೇ ಹಾಕಬೇಕು, ಕಾನೂನು ಇದೆ. ಮಾಡಿದ್ದೆವು ಎಂದೇ ನಾನು ನಂಬಿದ್ದೆ. ಆದರೆ ಅಳುವ ಮಗು ಒಂದೇ ಕಡೆ ಇರುವುದಿಲ್ಲ. ಹುಡುಗ ಮುಂದಕ್ಕೆ ಬಾಗಿದಾಗಲೆಲ್ಲ ಮುಖ ಆ ಮಸುಕಿನಿಂದ ಆಚೆ ಬರುತ್ತಿತ್ತು, ಕ್ಷಣ ಹೊತ್ತು. ಅದೇ ದೃಶ್ಯ ಎರಡು ದಿನ ಸುತ್ತಿದ್ದರಿಂದ ಆ ಕ್ಷಣಗಳನ್ನು ಕೂಡಿಸಿದರೆ ಎಷ್ಟಾಗುತ್ತಿತ್ತೋ. ಮರಕ್ಕೆ ಕಟ್ಟಿದ್ದನ್ನು ನಾವು ಚಿತ್ರಿಸಲಿಲ್ಲ. ಕ್ಯಾಮೆರಾಮನ್ ಚೀಲದ ಜಿಪ್ಪನ್ನೇ ತೆಗೆದಿರಲಿಲ್ಲ.

ಮೇಲೆ ಬಂದು ಕಾರಿನಲ್ಲಿ ಕೂತು ಔಟ್‌ಪುಟ್ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಎರಡನೆಯ ಸುದ್ದಿ ಮಾಡೋಣ, ಹೊಂಡ, ಬಾಗಿಲು, ಒಬ್ಬಳೇ ಆಯಾ, ಹತ್ತೊಂಬತ್ತು ಮಕ್ಕಳು, ಎಲ್ಲ ದೃಶ್ಯ ಇದೆ ಎಂದೆ. ಅವರು ಕೆಟ್ಟ ಮನುಷ್ಯರಲ್ಲ. ಸಮಾಧಾನವಾಗಿಯೇ ಹೇಳಿದರು, "ನನ್ನ ಮಗಳಿಗೂ ಎರಡು ವರ್ಷ. ಆ ವಿಡಿಯೋ ನೋಡಿ ನನಗೆ ಊಟ ಸೇರಲಿಲ್ಲ. ಈಗ ನೀವು ಆಕೆಗೆ ಕ್ಲೀನ್ ಚಿಟ್ ಕೊಡಿ ಅಂತೀರಾ?"

"ಕ್ಲೀನ್ ಚಿಟ್ ಅಲ್ಲ ಸರ್. ಆಕೆ ತಪ್ಪು ಮಾಡಿದ್ದಾಳೆ. ನಾವು ಅರ್ಧ ಹೇಳಿದ್ದೇವೆ."

"ಅರ್ಧ ಹೇಳಿದ್ದು ಯಾರು? ಬೈಟ್ ಕಳಿಸಿದ್ದು ನೀವು. ಪಶ್ಚಾತ್ತಾಪ ಇಲ್ಲ ಅಂದದ್ದು ನೀವು. ಈಗ ಉಲ್ಟಾ ಹೊಡೆದರೆ ಜನ ನಮ್ಮನ್ನ ಏನಂತಾರೆ? ಆ ಸುದ್ದಿ ಮುಗೀತು. ಬಿಡಿ."

ಫೋನ್ ಇಟ್ಟು, ಆವತ್ತಿನ ಚಿತ್ರೀಕರಣ ಪೂರ್ತಿ ಇದೆಯಾ ಎಂದು ಕ್ಯಾಮೆರಾಮನ್‌ರನ್ನು ಕೇಳಿದೆ.

ನಮ್ಮಲ್ಲಿ ಚಿತ್ರಿಸಿದ ಕಾರ್ಡನ್ನು ದಿನವೂ ಅಳಿಸಿ ಮತ್ತೆ ಬಳಸುತ್ತೇವೆ. ಕ್ಯಾಮೆರಾಮನ್ ಆ ಕಾರ್ಡನ್ನು ಅಳಿಸಿರಲಿಲ್ಲ. ಇಡೀ ಚಿತ್ರೀಕರಣವನ್ನು ತಮ್ಮ ಮನೆಯ ಕಂಪ್ಯೂಟರಿನಲ್ಲಿ ನಕಲು ಮಾಡಿಟ್ಟಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ನೀವು ಕೇಳ್ತೀರಿ ಅಂತ ಇಟ್ಟೆ. ಕೇಳದಿದ್ರೆ ಅಳಿಸ್ತಿದ್ದೆ," ಎಂದರು.

ಪ್ರಸಾರವಾಗದ ದೃಶ್ಯವನ್ನು ಹೊರಗಿನವರಿಗೆ ಕೊಡುವಂತಿಲ್ಲ ಎಂಬುದು ಕೆಲಸಕ್ಕೆ ಸೇರುವಾಗ ನಾವು ಸಹಿ ಹಾಕಿದ ಷರತ್ತುಗಳಲ್ಲಿ ಒಂದು. ಅದಕ್ಕೆ ಒಳ್ಳೆಯ ಕಾರಣವೂ ಇದೆ. ಎರಡು ದಿನ ಅದನ್ನೇ ಯೋಚಿಸಿದೆ. ಯೋಚಿಸಿದೆ ಎನ್ನುವುದು ದೊಡ್ಡ ಮಾತು, ಹೆದರಿದ್ದೆ. ಆಮೇಲೆ ಒಂದು ಬೆಳಿಗ್ಗೆ, ಆಯಾಳ ಸೀರೆಗೆ ಮೈಕ್ ಸಿಕ್ಕಿಸಿದಲ್ಲಿಂದ ಹೊರಟು ಬರುವವರೆಗಿನ ಇಪ್ಪತ್ತೆರಡು ನಿಮಿಷಗಳ ಚಿತ್ರೀಕರಣವನ್ನು ಒಂದು ಸೆಕೆಂಡೂ ಕಡಿಯದೆ ಎರಡು ಪೆನ್‌ಡ್ರೈವ್‌ಗಳಲ್ಲಿ ಹಾಕಿಕೊಂಡೆ. ಒಂದು ಪ್ರಕರಣದ ತನಿಖಾಧಿಕಾರಿಗೆ, ಇನ್ನೊಂದು ಮಕ್ಕಳ ಕಲ್ಯಾಣ ಸಮಿತಿಗೆ. ಜೊತೆಗೆ ಒಂದು ಪತ್ರ ಬರೆದೆ. ಪ್ರಸಾರವಾದ ಮಾತು ಅಪೂರ್ಣವೆಂದೂ, ಅದನ್ನು ಕತ್ತರಿಸಿದ್ದು ನಾನೇ ಎಂದೂ, ಆಕೆ ಪಶ್ಚಾತ್ತಾಪದ ಮಾತು ಆಡಿದ್ದು ನನ್ನ ಕಿವಿಗೆ ಬಿದ್ದಿದ್ದರೂ ನೇರಪ್ರಸಾರದಲ್ಲಿ ಇಲ್ಲವೆಂದೆನೆಂದೂ ಬರೆದು ಸಹಿ ಹಾಕಿದೆ. ಮೂರು ಸಲ ಹರಿದು ಬರೆದ ಪತ್ರ ಅದು. ಪ್ರತಿ ಸಲವೂ "ಗಡಿಬಿಡಿಯಲ್ಲಿ" ಎಂಬ ಪದ ತಾನಾಗಿಯೇ ನುಸುಳುತ್ತಿತ್ತು. ಕೊನೆಯ ಪ್ರತಿಯಲ್ಲಿ ಅದನ್ನು ಬಿಟ್ಟೆ.

ತನಿಖಾಧಿಕಾರಿ ಪತ್ರ ಓದಿ, "ನಿಮ್ಮ ಚಾನೆಲ್‌ನವರಿಗೆ ಗೊತ್ತಾ?" ಎಂದು ಕೇಳಿದರು.

"ಇಲ್ಲ."

"ಇದು ನಿಮ್ಮ ಮೇಲೇ ಬರ್ಬಹುದು."

"ಬರಲಿ ಸರ್."

ಸಮಿತಿಯವರು ತೋಟಕ್ಕೆ ಹೋದರು. ಹೊಂಡಕ್ಕೆ ಬೇಲಿ ಬಂತು. ಹಿಂಬಾಗಿಲಿಗೆ ಚಿಲಕ ಬಂತು. ಮಕ್ಕಳ ಮನೆ ತೆರೆದಾಗ ಇಬ್ಬರು ಹೊಸ ಆಯಾಗಳಿದ್ದರು. ಪ್ರಕರಣ ಬಿದ್ದುಹೋಗಲಿಲ್ಲ, ಬೀಳಬೇಕಾದದ್ದೂ ಅಲ್ಲ. ಆಯಾಗೆ ಜಾಮೀನು ಸಿಕ್ಕಿತು, ಕಠಿಣವಾದ ಕಲಮುಗಳನ್ನು ಕೈಬಿಟ್ಟರು. ಇವುಗಳಲ್ಲಿ ಯಾವುದೂ ಯಾವ ವಾಹಿನಿಯಲ್ಲಿಯೂ ಬರಲಿಲ್ಲ. ಸಮಿತಿಯ ವರದಿಯಲ್ಲಿ ನಮ್ಮ ಚಿತ್ರೀಕರಣದ ಪ್ರಸ್ತಾಪ ಇದ್ದುದರಿಂದ ಕಚೇರಿಗೆ ಗೊತ್ತಾಯಿತು. ವಿವರಣೆ ಕೇಳಿದರು, ಕೊಟ್ಟೆ. ನನ್ನನ್ನು ಬೇರೆ ಜಿಲ್ಲೆಗೆ ಹಾಕಿದರು. ಅದನ್ನು ಶಿಕ್ಷೆ ಎಂದು ಹೇಳಿಕೊಂಡು ತಿರುಗುವ ಹಕ್ಕು ನನಗಿಲ್ಲ. ಸಂಬಳ ಬರುತ್ತಿತ್ತು, ಯಾರೂ ನನ್ನ ಜಡೆ ಹಿಡಿದು ಎಳೆಯಲಿಲ್ಲ.

ಜಿಲ್ಲೆ ಬಿಡುವ ಮೊದಲು ಆಯಾಳನ್ನು ನೋಡಬೇಕೆನಿಸಿತು. ಪೊನ್ನಂಪೇಟೆಯ ಹತ್ತಿರ ಮಗಳ ಮನೆಯಲ್ಲಿದ್ದಾರೆಂದು ಲೈನಿನವರು ಹೇಳಿದ್ದರು. ಜೂನ್ ತಿಂಗಳು, ಮಳೆ ಬಿಟ್ಟಿದ್ದ ಒಂದು ಮಧ್ಯಾಹ್ನ ಬಸ್ಸಿನಲ್ಲಿ ಒಬ್ಬಳೇ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ಆಯಾ ಜಗಲಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದರು. ನನ್ನನ್ನು ನೋಡಿ, ಮೊದಲು ನನ್ನ ಹಿಂದೆ ಯಾರಿದ್ದಾರೆಂದು ನೋಡಿದರು.

"ಕ್ಯಾಮೆರಾ ಇಲ್ಲ," ಎಂದೆ.

"ಕೂತುಕೊಳ್ಳಿ."

ಬಸ್ಸಿನಲ್ಲಿ ಬರುತ್ತ ಜೋಡಿಸಿಕೊಂಡಿದ್ದನ್ನೆಲ್ಲ ಹೇಳಿದೆ. ನಿಮ್ಮ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದು ನಾನು, ಆಫೀಸಿನವರಲ್ಲ. ಕಟ್ಟಬಾರದಿತ್ತು ಎಂದು ನೀವು ಹೇಳಿದ್ದನ್ನು ಬಿಟ್ಟೆ. ನಿಮಗೆ ಪಶ್ಚಾತ್ತಾಪ ಇಲ್ಲ ಎಂದು ಸುಳ್ಳು ಹೇಳಿದೆ. ತಪ್ಪಾಯಿತು.

ಅವರು ಬೀಜದ ಸಿಪ್ಪೆ ಸುಲಿಯುತ್ತಲೇ ಕೇಳಿದರು. ಆಮೇಲೆ, "ಹಾಗೆ ಹೇಳಿದ್ನಾ ನಾನು? ನೆನಪಿಲ್ಲ," ಎಂದರು. "ಟಿ.ವಿ.ಲಿ ಬಂದದ್ದು ನಾನು ನೋಡ್ಲಿಲ್ಲ ಅಮ್ಮ. ಸ್ಟೇಷನ್‌ಲಿ ಇದ್ದೆ. ಮಗಳು ನೋಡಿದ್ದು."

ಐದು ತಿಂಗಳು ನಾನು ನಿದ್ದೆಗೆಟ್ಟು ಹಿಡಿದುಕೊಂಡಿದ್ದ ವಾಕ್ಯ ಅವರಿಗೆ ನೆನಪೇ ಇರಲಿಲ್ಲ.

"ಆ ಹುಡುಗನ ಗಾಯ ಒಣಗಿತಾ?" ಎಂದು ಕೇಳಿದರು.

"ಒಣಗಿದೆ."

"ಅವನ ತಾಯಿಗೆ ನಾನು ಸುಳ್ಳು ಹೇಳಿದೆ, ಲಾಡಿ ತಾಗಿದ್ದು ಅಂತ. ಅದು ಟಿ.ವಿ.ಲಿ ಬಂತಾ?"

"ಇಲ್ಲ."

"ಅದು ದೊಡ್ಡ ತಪ್ಪು. ಅವಳಿಗೆ ಹೇಳಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ಲು. ಕೆಲಸ ಹೋಗ್ತದೆ ಅಂತ ಹೆದರಿ ಹೇಳ್ಲಿಲ್ಲ." ಕೈಯಲ್ಲಿದ್ದ ಬೀಜವನ್ನು ಪಾತ್ರೆಗೆ ಹಾಕಿದರು. "ಹೊಂಡ ತೋರಿಸ್ತೇನೆ ಅಂದಿದ್ರಲ್ಲ ನೀವು. ಅದೊಂದು ಮಾಡ್ಬಹುದಿತ್ತು."

"ಬೇಕಾದ್ರೆ ಈಗಲೂ ಮಾಡ್ತೇನೆ. ಬೇರೆ ಕಡೆ ಗೊತ್ತಿರೋರು ಇದ್ದಾರೆ. ನಿಮ್ಮ ಮಾತು ಪೂರ್ತಿ ಹಾಕಿಸ್ತೇನೆ."

ಇದನ್ನು ಹೇಳುವಾಗ ನಾನು ದೊಡ್ಡದೇನೋ ಕೊಡುತ್ತಿದ್ದೇನೆ ಎಂಬ ಭಾವ ನನ್ನಲ್ಲಿತ್ತು. ಅವರು ಗಾಬರಿಯಿಂದ ಕೈ ಎತ್ತಿದರು. "ಬೇಡ ಅಮ್ಮ. ಬೇಡ್ವೇ ಬೇಡ. ಅಂಗಡಿಗೆ ಹೋದ್ರೆ ಈಗ ಯಾರೂ ನೋಡುದಿಲ್ಲ. ಮರೀತಾ ಇದ್ದಾರೆ. ಪುನಃ ಮುಖ ತೋರಿಸ್ಬೇಡಿ."

ಆಗ ಒಳಗಿನಿಂದ ಒಂದು ಮಗು ಅಂಬೆಗಾಲಿಡುತ್ತ ಬಂತು. ಮಗಳ ಮಗು, ಎಂಟೋ ಒಂಬತ್ತೋ ತಿಂಗಳಿನದು. ಜಗಲಿಗೆ ಮೂರು ಮೆಟ್ಟಿಲು, ಕೆಳಗೆ ಕಲ್ಲು ಚಪ್ಪಡಿ. ಮಗು ನೇರವಾಗಿ ಅಂಚಿನ ಕಡೆ ಹೊರಟಿತು. ಅದು ಆಯಾಳ ಮೊಣಕಾಲಿನ ಪಕ್ಕದಲ್ಲೇ ಹಾದುಹೋಯಿತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆಯಾ ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು, ಮನೆಯ ಹಿಂಬದಿಗೆ ಕೇಳುವಂತೆ ಮಗಳನ್ನು ಕೂಗಿದರು. ಹಿಂದುಗಡೆ ಬಟ್ಟೆ ಒಗೆಯುವ ಸದ್ದು ನಿಲ್ಲಲಿಲ್ಲ. ಮತ್ತೊಮ್ಮೆ ಕೂಗಿದರು.

"ನೀವು ಎತ್ತಿಕೊಳ್ಳಿ," ಎಂದರು ನನಗೆ. "ಬೇಗ."

ನಾನು ಎದ್ದು, ಮೆಟ್ಟಿಲಿನ ಅಂಚಿನಲ್ಲಿ ಮಗುವನ್ನು ಹಿಡಿದೆ. ನನಗೆ ಮಕ್ಕಳನ್ನು ಎತ್ತಿ ರೂಢಿಯಿಲ್ಲ. ಅದು ಮೈ ಸೆಟೆದು ಅಳಲು ಶುರು ಮಾಡಿತು.

"ಯಾರಾದ್ರೂ ಮುಟ್ಬೇಡ ಅಂದಿದ್ದಾರಾ?" ಎಂದು ಕೇಳಿದೆ.

"ಇಲ್ಲ. ಅಳಿಯ ಒಳ್ಳೆಯವ. ಯಾರೂ ಎಂತದೂ ಹೇಳ್ಲಿಲ್ಲ. ನಾನೇ ಮುಟ್ಟುದಿಲ್ಲ."

ಮಗು ನನ್ನ ತೋಳಿನಲ್ಲಿ ಹಿಂದಕ್ಕೆ ಬಾಗಿ ಒದೆಯುತ್ತಿತ್ತು. ಆಯಾ ಕೂತಲ್ಲಿಂದ ಏಳಲಿಲ್ಲ. ಮಡಿಲಲ್ಲಿದ್ದ ಕೈಗಳನ್ನು ಬಿಡಿಸಲಿಲ್ಲ. ಕಣ್ಣು ಮಾತ್ರ ನನ್ನ ಕೈಯ ಮೇಲಿತ್ತು.

"ಬೆನ್ನಿಗೆ ಕೈ ಕೊಡಿ ಅಮ್ಮ," ಎಂದರು. "ಹಿಂದಕ್ಕೆ ಬೀಳ್ತದೆ."